ಹಳದಿ ಉರಿ, ಹಸಿರು ಮಣಿ

"ಛೆ, ಇದೂ ಕೆಟ್ಟೋಯ್ತು!"

ಯಶೋಧತ್ತೆ ಕಂಬಿಯ ತುದಿಯ ಗಾಜಿನ ಮಣಿಯನ್ನು ಬೂದಿ ಡಬ್ಬಿಗೆ ತಳ್ಳಿದರು. ಹಸಿರಾಗಿರಬೇಕಿದ್ದ ಮಣಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬೆಳಗಿನಿಂದ ಇದು ಐದನೆಯದು.

ಸಾಗರದ ಅತ್ತೆ ಮನೆಯ ಶೆಡ್ಡಿನಲ್ಲಿ ರಂಜನಾ ಸ್ಟೂಲಿನ ಮೇಲೆ ಮುದುರಿ ಕೂತಿದ್ದಳು. ಮೇಜಿನ ಮೇಲೆ ಟಾರ್ಚ್ ಉರಿಯುತ್ತಿತ್ತು. ಬ್ಯಾಟರಿ ಹಾಕುವ ಟಾರ್ಚ್ ಅಲ್ಲ, ಗ್ಯಾಸೂ ಆಕ್ಸಿಜನ್ನೂ ಸೇರಿ ಉರಿದು ಗಾಜನ್ನೇ ಜೇನಿನಂತೆ ಕರಗಿಸುವ ಟಾರ್ಚ್.

"ಬೆರಳಿಗೆ ಅಂದಾಜೇ ಹೋಗಿದೆ ಕಣೆ. ಟಾರ್ಚಿನ ತಿರುಪು ಎಷ್ಟು ತಿರುಗ್ಸಿದ್ರೂ ಉರಿ ಹಳದೀನೇ, ನೀಲಿ ಆಗ್ತಾನೇ ಇಲ್ಲ," ಎಂದು ಅತ್ತೆ ಬಲಗೈ ನೀವಿಕೊಂಡರು. ಸ್ಕೂಟರಿನಿಂದ ಬಿದ್ದು ಮುರಿದಿದ್ದ ಕೈ. ಮೂರು ತಿಂಗಳಾದ ಮೇಲೆ ಇವತ್ತೇ ಕೆಲಸಕ್ಕೆ ಕೂತಿದ್ದರು. "ತೀರ್ಥಹಳ್ಳಿ ಶಿವರಾಮಂಗೆ ಫೋನ್ ಮಾಡ್ತೀನಿ. ಅವ್ನೂ ಮಣಿ ಮಾಡ್ತಾನಲ್ಲ, ಟಾರ್ಚ್ ಅವ್ನೇ ತಗೊಳ್ಲಿ. ನನ್ ಕೈಯಲ್ಲಿ ಇನ್ನಾಗಲ್ಲ."

ರಂಜನಾ ಮೂಲೆಯ ಸಿಲಿಂಡರಿನ ಕಡೆ ಕಳ್ಳನೋಟ ಬೀರಿದಳು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಅತ್ತೆ ತಿಂಡಿಗೆ ಒಳಗೆ ಹೋದಾಗ ಆಕ್ಸಿಜನ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಕಮ್ಮಿ ಮಾಡಿದ್ದು ಅವಳೇ. ತರಲೆಗಲ್ಲ. ಮನೆಯಲ್ಲಿ ಅಮ್ಮ ದಿನಕ್ಕೆ ಹತ್ತು ಸಲ "ಸಿಮ್ಮಲ್ಲಿಡೇ, ಗ್ಯಾಸ್ ಖಾಲಿಯಾಗತ್ತೆ" ಅನ್ನುತ್ತಾರೆ. ಪಾಪ, ಇವಳು ಅತ್ತೆಗೂ ಒಂದಿಷ್ಟು ಉಳಿಸಿಕೊಡಲು ಹೋಗಿದ್ದಳು!

ಹೇಳಿದರೆ ಅತ್ತೆ ಇನ್ನು ಶೆಡ್ಡಿನೊಳಗೇ ಬಿಡುವುದಿಲ್ಲ. ಹೇಳದಿದ್ದರೆ? ಅತ್ತೆ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು.

"ಅತ್ತೆ, ಬೇಡಿ! ನಾನೇ... ಆಕ್ಸಿಜನ್ನ ಸಿಮ್ ಮಾಡ್ಬಿಟ್ಟೆ."

"ಎಂತ ಮಾಡ್ದೆ?"

ಅತ್ತೆ ಟಾರ್ಚ್ ಆರಿಸಿ, ಸಿಲಿಂಡರಿನ ಹತ್ತಿರ ಬಗ್ಗಿ ನೋಡಿದರು. ಮೀಟರಿನ ಮುಳ್ಳು ಸೊನ್ನೆಯ ಪಕ್ಕದಲ್ಲೇ ಬಿದ್ದುಕೊಂಡಿತ್ತು.

"ಇಲ್ಲಿಂದ್ಲೇ ಪ್ರೆಶರ್ ಬರ್ದಿದ್ರೆ ಅಲ್ಲಿ ತಿರುಪು ಏನ್ ಮಾಡತ್ತೆ? ಗ್ಯಾಸ್ ಜಾಸ್ತಿ, ಆಕ್ಸಿಜನ್ ಕಮ್ಮಿ. ಗಾಜಿನ ಬಣ್ಣ ಕೆಡ್ದೇ ಇರತ್ತಾ?"

ಮುಳ್ಳನ್ನು ಮೇಲೇರಿಸಿ ಬಂದು ಮತ್ತೆ ಹಚ್ಚಿದರು. ಮೊದಲು ಗ್ಯಾಸ್, ಹಳದಿ ಉರಿ ಎದ್ದಿತು. ಆಮೇಲೆ ಆಕ್ಸಿಜನ್ ತಿರುಪನ್ನು ಎರಡೇ ಬೆರಳಲ್ಲಿ ಒಂಚೂರು, ಇನ್ನೊಂಚೂರು ತಿರುಗಿಸಿದರು. ಉರಿ ಸುಂಯ್ ಎಂದು ಕುಗ್ಗಿ, ನೀಲಿಯಾಗಿ, ಚೂಪಾಗಿ ನಿಂತಿತು.

ಬೈಗುಳಕ್ಕೆ ರಂಜನಾ ತಲೆ ತಗ್ಗಿಸಿ ಕಾದಳು. ಬರಲೇ ಇಲ್ಲ. ಮೆಲ್ಲಗೆ ಕಣ್ಣೆತ್ತಿದರೆ, ಅತ್ತೆ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಕೈ ಸರಿಯಾಗೇ ಇದೆ ಕಣೆ ರಂಜು," ಎಂದರು. "ಕೈಗೇನೂ ಆಗಿಲ್ಲ."

ಹಾಳಾದ ಐದು ಮಣಿಗಳ ಮಾತನ್ನು ಅತ್ತೆ ಎತ್ತಲೇ ಇಲ್ಲ. ಯಾಕೆಂದು ರಂಜನಾಳಿಗೆ ಗೊತ್ತಾಯಿತು. ಅವಳು ಹಸಿರು ಗಾಜಿನ ಕಡ್ಡಿಯೊಂದನ್ನು ತೆಗೆದು ಅತ್ತೆಯ ಬಲಗೈಗೇ ಕೊಟ್ಟಳು.