ಹೆತ್ತವಳ ಕಣ್ಣು

ನಿಮ್ಮಜ್ಜನ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ ಹಂಸಾವತಿ ಅನ್ನುವ ರಾಜ್ಯವೊಂದಿತ್ತು. ಆ ರಾಜ್ಯದ ಗಡಿಯ ಬಯಲಲ್ಲಿ ವರ್ಷಕ್ಕೊಮ್ಮೆ ಗತಕಾಲದ ಹಬ್ಬ ನಡೆಯುತ್ತಿತ್ತು. ಬಾಗಿಲಲ್ಲಿ ನಿಮ್ಮ ಬಟ್ಟೆ ಬಿಚ್ಚಿಟ್ಟು, ಹಳೆಗಾಲದ ರಾಜನದ್ದೋ ಸೇನಾನಿಯದ್ದೋ ವೇಷ ತೊಟ್ಟು ಒಳಗೆ ಹೋದರೆ, ಹೊತ್ತು ಮುಳುಗುವ ತನಕ ನೀವು ಅದೇ ಆಗಿರಬಹುದು. ಹಬ್ಬ ನಡೆಸುವವನು ಚಂಡಕನೆಂಬ ಮಾಯಗಾರ, ಬಿಡಿಗಾಸೂ ಕೇಳುವವನಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಹೋದವರೆಲ್ಲ ತಿರುಗಿ ಬಂದರೋ ಇಲ್ಲವೋ ಯಾರು ಕೇಳುತ್ತಾರೆ!

ಚೌಡವ್ವನ ಮಗಳು ಹೊನ್ನಿಗೆ ಹತ್ತು ವರ್ಷ. ರಾಣಿ ವೇಷ ಹಾಕಲೇಬೇಕು ಅಂತ ಊಟ ಬಿಟ್ಟು ಕೂತಳು. ಕೊನೆಗೆ ಗಂಡ ಬೋರಯ್ಯ, ಅತ್ತೆ ಸಿದ್ದವ್ವ, ಮಗಳು, ಎಲ್ಲರನ್ನೂ ಕಟ್ಟಿಕೊಂಡು ಚೌಡವ್ವ ಹೊರಟಳು. ಬೋರಯ್ಯ ಉಕ್ಕಿನ ಕವಚ ತೊಟ್ಟ. ಸಿದ್ದವ್ವ ಈ ವಯಸ್ಸಿನಲ್ಲಿ ಆಸ್ಥಾನದ ನರ್ತಕಿಯ ಗೆಜ್ಜೆ ಕಟ್ಟಿದಳು.

"ಅತ್ತೆಮ್ಮಾ, ಸೊಂಟ ಉಳುಕಿದ್ರೆ ಎಣ್ಣೆ ತಿಕ್ಕೋಳು ನಾನೇ, ನೆನಪಿರಲಿ."

"ತಿಕ್ಕೇ, ಅದಕ್ಕೇನು? ಸೊಸೆ ತಂದಿರೋದು ಯಾಕೆ ಮತ್ತೆ!"

ಹೊನ್ನಿ ಕಿರೀಟ ಇಟ್ಟುಕೊಂಡು ಬಂದು ನಿಂತಳು. ಚೌಡವ್ವನ ಎದೆ ತುಂಬಿ ಬಂತು. "ನನ್ನವ್ವಾ! ನಿನ್ನಂಥ ಚೆಲುವೆ ಮೂರು ಲೋಕದಲ್ಲೂ ಇಲ್ಲ ಕಣೇ," ಅಂದಳು. ಅಂದವಳು ನೆಟಿಗೆ ಮುರಿಯಲಿಲ್ಲ, ಕೆನ್ನೆಗೆ ಕಾಡಿಗೆ ಬೊಟ್ಟು ಇಡಲಿಲ್ಲ. ಸಂಭ್ರಮದಲ್ಲಿ ಮರೆತೇಬಿಟ್ಟಳು. ಹಾಗೆ ಮರೆಯಬಾರದಿತ್ತು.

ಅವಳ ಪಾಲಿಗೆ ಉಳಿದದ್ದು ಅಡುಗೆಯವಳ ಹರಕು ವೇಷ. ಅದನ್ನೇ ಸುತ್ತಿಕೊಂಡಳು. ಅಡುಗೆಯವಳನ್ನು ಯಾರು ನೋಡುತ್ತಾರೆ? ಯಾರೂ ನೋಡಲಿಲ್ಲ. ಅದೇ ಅವಳನ್ನು ಉಳಿಸಿತು.

ಮಧ್ಯಾಹ್ನದ ಹೊತ್ತಿಗೆ ಗಂಡನಿಗೆ ರೊಟ್ಟಿ ಒಯ್ದಳು. ಅವನು ಕಣದಲ್ಲಿ ಕತ್ತಿ ಬೀಸುತ್ತಿದ್ದ. ಸುತ್ತಲಿನ ಜನ ರೆಪ್ಪೆ ಬಡಿಯದೆ ನೋಡುತ್ತಿದ್ದರು. "ಯಾರೇ ನೀನು?" ಅಂದ ಬೋರಯ್ಯ. ಅವನಿಗೆ ಅವಳ ಗುರುತೇ ಸಿಗಲಿಲ್ಲ.

ಚೌಡವ್ವ ರೊಟ್ಟಿ ಅಲ್ಲೇ ಬಿಟ್ಟಳು. ವೇಷಗಳನ್ನು ನೇತುಹಾಕಿದ್ದ ಗುಡಾರಕ್ಕೆ ಓಡಿ, ಕಂಬ ಹಿಡಿದು ನಿಂತಳು. ಕೈಗೆ ಒಂದು ಅಂಗಿ ತಾಗಿತು. ಬೆಚ್ಚಗಿತ್ತು. ಪಕ್ಕದ್ದು ಮುಟ್ಟಿದಳು, ಅದೂ ಬೆಚ್ಚಗಿತ್ತು.

"ನಾವು ಹೋದ ವರ್ಷ ಬಂದೋರು ತಾಯಿ," ಅಂತು ಅಂಗಿ. "ಹೊತ್ತು ಮುಳುಗಿದ್ರೆ ಮೈ ಕರಗುತ್ತೆ, ವೇಷ ಉಳಿಯುತ್ತೆ. ನೋಡೋರ ಕಣ್ಣೇ ಅಂಟು. ಆ ಅಂಟು ಬಿಡಿಸು."

ಕಣ್ಣಿನ ಅಂಟೇ? ಅದಕ್ಕೆ ಮದ್ದು ಗೊತ್ತಿಲ್ಲದ ಹೆಂಗಸು ಯಾರಿದ್ದಾಳೆ! ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ಮಡಿಲು ತುಂಬ ಕಟ್ಟಿಕೊಂಡಳು. ಕತ್ತಿ ಬಡಿಯುವ ಕಮ್ಮಾರನ ಕುಲುಮೆ ಕಣದ ಪಕ್ಕದಲ್ಲೇ ಉರಿಯುತ್ತಿತ್ತು.

ಮೊದಲು ಗಂಡ. ಬೀಸುವ ಕತ್ತಿಯ ಅಡಿಯಲ್ಲಿ ನುಗ್ಗಿ, ಹಿಡಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. "ಬಂದೋರ ಕಣ್ಣು, ಹೋದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಸುಟ್ಟು ಹೋಗಲಿ, ಥೂ!" ಕತ್ತಿ ಅವಳ ಭುಜ ಸೀಳಿತು. ಕುಲುಮೆಗೆ ಎಸೆದರೆ ಒಂದು ಚೂರೂ ಘಾಟು ಬರಲಿಲ್ಲ. ಅಷ್ಟು ದೃಷ್ಟಿ ತಾಗಿತ್ತು. ಕವಚ ಕಳಚಿ ಬಿತ್ತು. ಹೆಂಡತಿಯ ರಕ್ತ ನೋಡಿ ಬೋರಯ್ಯ ಅಲ್ಲೇ ಕುಸಿದು ಅತ್ತ.

ಆಮೇಲೆ ಅತ್ತೆ. ಪಾಪ, ಮುದುಕಿ ಕುಣಿದೂ ಕುಣಿದೂ ಪಾದದ ಚರ್ಮ ಹರಿದು ಹೋಗಿತ್ತು. ಕಾವಲಿಗಿದ್ದ ಮಾಯದ ಚಿರತೆ ಹಲ್ಲು ಕಿರಿಯಿತು. ಚೌಡವ್ವ ಅದರ ಮೂಗಿಗೆ ಉಪ್ಪು ತೂರಿ, ಅತ್ತೆಗೆ ನಿವಾಳಿಸಿ ಎಸೆದಳು. ಆಗಲೂ ಘಾಟಿಲ್ಲ. ಗೆಜ್ಜೆ ಉದುರಿತು.

ಕೊನೆಗೆ ಮಗಳು. ಸೂರ್ಯ ಬೆಟ್ಟದ ನೆತ್ತಿಗೆ ಬಂದಿದ್ದ. ಸಿಂಹಾಸನದ ಮೇಲೆ ಕೂತಿದ್ದ ಹೊನ್ನಿಯ ಬೆರಳುಗಳ ತುದಿ ಆಗಲೇ ಇರಲಿಲ್ಲ. ತೋಳಿನ ಜರಿ ಮಾತ್ರ ಇತ್ತು. ಚೌಡವ್ವ ಅದೇ ಮಾತು ಹೇಳಿ ನಿವಾಳಿಸಿ ಬೆಂಕಿಗೆ ಎಸೆದಳು. ಈ ಸಲ ಎಂಥ ಘಾಟು ಅಂತೀರಿ! ಬಯಲಿಗೆ ಬಯಲೇ ಕೆಮ್ಮಿತು, ನೋಡುವ ಜನರೆಲ್ಲ ಕಣ್ಣು ಮುಚ್ಚಿಕೊಂಡರು. ಆದರೂ ಕಿರೀಟ ಕದಲಲಿಲ್ಲ.

ಬೆನ್ನ ಹಿಂದೆ ಚಂಡಕ ನಕ್ಕ. "ಘಾಟು ಬಂತು ಅಂದ್ರೆ ಊರವರ ದೃಷ್ಟಿ ಅಲ್ಲ ಕಣಮ್ಮ ಇದು. ಬೆಳಿಗ್ಗೆ ಯಾರ ಕಣ್ಣು ಮೊದಲು ತಾಗಿತು, ನೆನಪು ಮಾಡ್ಕೋ."

ಹೆತ್ತ ತಾಯಿಯ ಕಣ್ಣಿಗಿಂತ ಕೆಟ್ಟ ಕಣ್ಣಿಲ್ಲ ಅಂತ ಹಿರಿಯರು ಸುಮ್ಮನೆ ಹೇಳುತ್ತಾರೆಯೇ? ನೆಟಿಗೆ ಮುರಿಯದೆ ಬಿಟ್ಟದ್ದು ಚೌಡವ್ವನಿಗೆ ಈಗ ನೆನಪಾಯಿತು. ಅತ್ತರೆ ಹೊತ್ತು ಹೋಗುತ್ತದೆ. ಉಳಿದ ಕೊನೆಯ ಹಿಡಿ ತೆಗೆದು ಮಗಳಿಗೆ ನಿವಾಳಿಸಿದಳು. "ಹೆತ್ತ ತಾಯಿ ಕಣ್ಣು, ನನ್ನ ಕಣ್ಣು, ಸುಟ್ಟು ಹೋಗಲಿ," ಅಂದು ಕುಲುಮೆಗೆ ಹಾಕಿ, ಅದರ ಮೇಲೆ ಬಗ್ಗಿ, ಕಣ್ಣು ತೆರೆದೇ ನಿಂತಳು. ಘಾಟು ಬರಲಿಲ್ಲ. ನೀಲಿ ಜ್ವಾಲೆಯೊಂದು ನೆಗೆದು ಅವಳ ಬಲಗಣ್ಣನ್ನು ತಿಂದು ಇಳಿಯಿತು.

"ಅವ್ವಾ!" ಅಂತ ಕೂಗಿ ಹೊನ್ನಿ ಮಡಿಲಿಗೆ ಬಿದ್ದಳು. ಬೆರಳುಗಳು ಹತ್ತೂ ಇದ್ದವು.

ಚೌಡವ್ವನ ಉಳಿದ ಕಣ್ಣು ಮಗಳ ಮೇಲಿತ್ತು, ಜನ ಘಾಟಿಗೆ ಮುಚ್ಚಿದ ಕಣ್ಣು ಇನ್ನೂ ತೆರೆದಿರಲಿಲ್ಲ; ಆ ಗಳಿಗೆಯಲ್ಲಿ ಚಂಡಕನನ್ನು ನೋಡುವ ಕಣ್ಣು ಬಯಲಲ್ಲಿ ಒಂದೂ ಇರಲಿಲ್ಲ. ಅವನೂ ಬರೀ ವೇಷವೇ, ನೋಡುವವರಿಂದ ನಿಂತಿದ್ದವನು. ಖಾಲಿ ನಿಲುವಂಗಿ ಧೊಪ್ಪನೆ ನೆಲಕ್ಕೆ ಬಿತ್ತು. ಗುಡಾರದ ಅಂಗಿಗಳು ಒಂದೊಂದಾಗಿ ತಣ್ಣಗಾದವು. ಆ ಮಂದಿ ತಿರುಗಿ ಬರಲಿಲ್ಲ. ಬೋರಯ್ಯ ಗುಂಡಿ ತೋಡಿ, ಅವಕ್ಕೆ ಮಣ್ಣು ಕೊಟ್ಟ.

ಆಮೇಲೆ ಎಲ್ಲರೂ ಸುಖವಾಗಿದ್ದರು, ಸುಳ್ಳಲ್ಲ. ಅತ್ತೆಯ ಪಾದಕ್ಕೆ ಸೊಸೆ ಎಣ್ಣೆ ತಿಕ್ಕಿದಳು. ಹೊನ್ನಿ ಬೆಳೆದು ಮದುವಣಗಿತ್ತಿಯಾಗಿ ಸಿಂಗರಿಸಿಕೊಂಡು ಬಂದು, "ಅವ್ವಾ, ಹೆಂಗೆ ಕಾಣ್ತೀನಿ?" ಅಂದಳು. ಚೌಡವ್ವ ಉಳಿದ ಒಂದು ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡು, ಮಗಳ ಮುಖವನ್ನೆಲ್ಲ ಕೈಯಲ್ಲಿ ತಡವಿ, ನೆಟಿಗೆ ಮುರಿದಳು.

"ಕಾಗೆಮರಿ ಹಂಗೆ ಕಾಣ್ತೀಯ, ಹೋಗೇ," ಅಂದಳು.