ಮಿಂಚುಮೀನು ತಿರುಗಿದ ಕೊಳ

ಬಹಳ ಹಿಂದೆ, ಮರಗಳೂ ಮಾತಾಡಿ ಸುಸ್ತಾಗುತ್ತಿದ್ದ ಕಾಲದಲ್ಲಿ, ಬಿಳಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಸುಣ್ಣ ಸುಡುವವರ ಮನೆಯಲ್ಲಿ ಬೊಮ್ಮಣ್ಣ, ಮಾಳವ್ವ ಎಂಬ ಅಣ್ಣ ತಂಗಿ ಇದ್ದರು. ಕಾಡಿನಾಚೆಯ ಕೋಟೆಯಲ್ಲಿ ತಾಮ್ರಾಕ್ಷನೆಂಬ ಮಾಂತ್ರಿಕನಿದ್ದ. ಮನುಷ್ಯರನ್ನು ಹಿಡಿದು ತಾಮ್ರದ ಬೊಂಬೆ ಮಾಡಿ ಸಾಲಾಗಿ ನಿಲ್ಲಿಸಿಕೊಳ್ಳುವುದು ಅವನ ಚಟ. ಸುಣ್ಣ ಮಾರಲು ಹೋದ ಬೊಮ್ಮಣ್ಣ ಅವನ ಕೈಗೆ ಸಿಕ್ಕಿಬಿದ್ದ. ಸುದ್ದಿ ಕೇಳಿದ ಮಾಳವ್ವ ಅಳುತ್ತ ಕೂರಲಿಲ್ಲ. ಒಂದು ಬುಟ್ಟಿ ಸುಣ್ಣ ಹೊತ್ತು, ಮಣ್ಣಿನ ಕೊಡ ಹಿಡಿದು ಹೊರಟಳು.

ಕೋಟೆಯ ಸುತ್ತ ಹುಳಿನೀರಿನ ಕಂದಕ. ಎಂಥ ಹುಳಿ ಅಂತೀರಿ? ರಾಜನ ಸೈನಿಕರ ಕತ್ತಿಗಳೆಲ್ಲ ಅದರಲ್ಲಿ ಬುಸುಗುಟ್ಟಿ, ಗುಳ್ಳೆಯೆಬ್ಬಿಸಿ ಕರಗಿಹೋಗಿದ್ದವು. ಮಾಳವ್ವ ಮೊದಲು ಕೊಡದಲ್ಲಿ ಹುಳಿನೀರು ತುಂಬಿಕೊಂಡಳು. ಆಮೇಲೆ ಸುಣ್ಣವನ್ನೆಲ್ಲ ಕಂದಕಕ್ಕೆ ಸುರಿದಳು. ನೀರು ಕುದಿಯಿತು, ಹೊಗೆಯಾಡಿತು, ಕೋಪ ಇಳಿದ ಅತ್ತೆಯ ಹಾಗೆ ಮೆತ್ತಗಾಯಿತು. ಅವಳು ಸಲೀಸಾಗಿ ದಾಟಿದಳು.

ಎದುರಿಗೆ ಕಬ್ಬಿಣದ ಬಾಗಿಲು. ಅಗುಳಿಯ ಮೇಲೆ ಹುಳಿನೀರು ಸುರಿದಳು. ಅಗುಳಿ ಬುಸ್ಸೆಂದು ಕರಗಿತು.

ಒಳಗೊಂದು ನೀಲಿ ಕೊಳ. ಕೊಳದ ನಡುವೆ ಆನೆಗಾತ್ರದ ಮಿಂಚುಮೀನನ್ನು ಅಲ್ಲಾಡದಂತೆ ಸರಪಳಿ ಬಿಗಿದು ದಡದ ಕಬ್ಬಿಣದ ಗೂಟಕ್ಕೆ ಕಟ್ಟಲಾಗಿತ್ತು. ಅದರ ತಲೆಯ ಕಡೆ ತಾಮ್ರದ ಹಲಗೆ, ಬಾಲದ ಕಡೆ ನೀರಲ್ಲಿ ನಿಂತ ಬೊಮ್ಮಣ್ಣ. ಮೀನು ಮಿಡಿದಾಗಲೆಲ್ಲ ನೀರಿನೊಳಗೆ ಬೆಳಕು ಓಡುತ್ತಿತ್ತು. ಹಲಗೆ ಸವೆಯುತ್ತಿತ್ತು, ಅಣ್ಣನ ಮೈಮೇಲೆ ತಾಮ್ರ ಬೆಳೆಯುತ್ತಿತ್ತು. ಗಲ್ಲದವರೆಗೆ ಬಂದಿತ್ತು. ಅಷ್ಟು ಭಯದಲ್ಲೂ ಆ ಚೆಲುವಿನಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ಇಳೀಬ್ಯಾಡ ತಂಗಿ, ನಿಂಗೂ ಇದೇ ಗತಿ. ತಾಮ್ರ ಬಾಯಿಗೆ ಬಂದ್ರೆ ನನ್ ಉಸ್ರೂ ನಿಲ್ತದೆ," ಅಂದ ಬೊಮ್ಮಣ್ಣ.

"ಸುಮ್ಕಿರಣ್ಣ," ಎಂದು ಮಾಳವ್ವ, ನೀರಿನ ಮೇಲೆ ಚಾಚಿದ್ದ ಅವನ ತಾಮ್ರದ ಕೈಗೆ ಹುಳಿನೀರು ಸುರಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಕಬ್ಬಿಣವನ್ನು ತಿಂದ ಹುಳಿ ತಾಮ್ರವನ್ನು ಮೂಸಿಯೂ ನೋಡಲಿಲ್ಲ. ಕೊಡದ ತಳದಲ್ಲಿ ಇನ್ನು ಉಳಿದದ್ದು ಒಂದು ಬೊಗಸೆ.

ಅವಳು ಹಲಗೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಇಲ್ಲಿ ತಾಮ್ರ ಹುಟ್ಟುತ್ತಿಲ್ಲ. ತಲೆಯ ಕಡೆಯಿಂದ ಹೊರಟು ಬಾಲದ ಕಡೆ ಬಂದು ಕೂರುತ್ತಿದೆ, ಅಷ್ಟೆ. ಹಾಗಾದರೆ ಮೀನು ತಿರುಗಿದರೆ?

ಉಳಿದ ಹುಳಿಯನ್ನು ಗೂಟದ ಮೇಲೆ ಸುರಿದಳು. ಗೂಟ ಕರಗಿತು, ಸರಪಳಿ ಜಾರಿತು. ಎಷ್ಟು ವರ್ಷ ಒಂದೇ ಗೋಡೆ ನೋಡಿ ಬೇಸತ್ತಿತ್ತೋ ಏನೋ, ಮಿಂಚುಮೀನು ನಿಧಾನವಾಗಿ ಹಿಂದಕ್ಕೆ ತಿರುಗಿತು. ಈಗ ಅದರ ತಲೆ ಬೊಮ್ಮಣ್ಣನ ಕಡೆ, ಬಾಲ ಹಲಗೆಯ ಕಡೆ. ಕೊಳವೆಲ್ಲ ಬೆಳಗಿತು. ಬೊಮ್ಮಣ್ಣನ ಮೈಯ ತಾಮ್ರ ನೀರಿಗಿಳಿಯಿತು. ಕೊರಳು ಕಂಡಿತು, ಎದೆ ಕಂಡಿತು.

ತಾಮ್ರಾಕ್ಷ ಕೂಗಾಡುತ್ತ ಓಡಿಬಂದ. ಹಲಗೆಯಿದ್ದ ಕಡೆ ನೀರಿಗಿಳಿದು, ಮೀನು ಮತ್ತೆ ತಿರುಗಲೆಂದು ಅದರ ಬಾಲವನ್ನು ಮಂತ್ರದ ಕೋಲಿನಿಂದ ತಿವಿದ. ತಾಮ್ರವೆಲ್ಲ ಆ ಕೋಲಿಗೆ ಬಂದು ಕೂರತೊಡಗಿತು. ಕೋಲು ಹೊಳೆಯಿತು. ಅವನ ಕಣ್ಣು ಅದಕ್ಕಿಂತ ಹೊಳೆಯಿತು.

"ಕೋಲು ಬಿಡಯ್ಯಾ, ಬದುಕ್ಕೋ," ಅಂದಳು ಮಾಳವ್ವ.

"ಇದು ನಂದು," ಎಂದು ತಾಮ್ರಾಕ್ಷ ಇನ್ನೂ ಬಿಗಿಯಾಗಿ ಹಿಡಿದ. ತಾಮ್ರ ಕೈಗೇರಿತು, ತೋಳಿಗೇರಿತು, ಆ ಮಾತಿನ ಬಾಯನ್ನೂ ಮುಚ್ಚಿತು.

ಬೊಮ್ಮಣ್ಣನ ಮೈಯೆಲ್ಲ ಬಿಡುಗಡೆಯಾದ ಮೇಲೆ ಅಣ್ಣ ತಂಗಿ ಸೇರಿ ಸಾಲಿನ ಬೊಂಬೆಗಳನ್ನೆಲ್ಲ ಮೀನಿನ ತಲೆಯ ಎದುರು ನೀರಿಗಿಳಿಸಿದರು. ಒಬ್ಬೊಬ್ಬರೇ ಕಣ್ಣುಜ್ಜಿಕೊಂಡು ಎದ್ದು ಮನೆಗೆ ಹೋದರು, ಉಂಡು ಉಟ್ಟು ಸುಖವಾಗಿದ್ದರು. ಮಿಂಚುಮೀನನ್ನು ಮತ್ತೆ ಯಾರೂ ಕಟ್ಟಲಿಲ್ಲ. ಅದು ತನಗೆ ಬೇಕಾದ ಕಡೆ ತಿರುಗಿಕೊಂಡು ಆ ನೀಲಿ ಕೊಳದಲ್ಲೇ ಇದೆ.