ಐದು ಗಂಟೆ ಬಸ್ಸಿನ ಸಿನಿಮಾ

ಆ ದಿನ ಬೆಳಗ್ಗೆ ಶೆಟ್ಟಿಕೆರೆಯಲ್ಲಿ ದಟ್ಟ ಮಂಜು. ತೆಂಗಿನ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತೇ ಹೊರತು ಮರಗಳ ತಲೆ ಕಾಣುತ್ತಿರಲಿಲ್ಲ. ಆ ಮಂಜಿನಲ್ಲೇ ತಿಪಟೂರಿನ ತೋಂಟದಾರ್ಯ ತಮ್ಮ ಹಿರಿಯರೊಂದಿಗೆ ನನ್ನನ್ನು ನೋಡಲು ಬಂದರು.

ದೊಡ್ಡವರು ಕೊಬ್ಬರಿ ಧಾರಣೆಯ ಮಾತಿಗಿಳಿದರು. ನಾವಿಬ್ಬರೂ ದೊಡ್ಡಮ್ಮ ಶಿವರುದ್ರಮ್ಮನ ಕಾವಲಿನಲ್ಲಿ ಜಗಲಿಯಲ್ಲಿ ಕೂತೆವು. ಸಿನಿಮಾ ನೋಡುತ್ತೀರಾ ಎಂದು ತೋಂಟದಾರ್ಯ ಕೇಳಿದರು. ನನಗೆ ಅಷ್ಟೇ ಸಾಕಾಯಿತು. ಟಿ.ವಿ.ಯಲ್ಲಿ ಬರುವವರೆಲ್ಲ ಕತ್ತು ಉಳುಕಿದವರಂತೆ ಮಾತಾಡುತ್ತಾರೆ ಎಂದೆ. ವಾರಪತ್ರಿಕೆಯ ಧಾರಾವಾಹಿಯ ನಾಯಕಿ ಅಳು ನಿಲ್ಲಿಸಿದರೆ ಕಥೆ ಎರಡೇ ವಾರಕ್ಕೆ ಮುಗಿಯುತ್ತದೆ ಎಂದೆ. ಅವರ ಕಣ್ಣು ನೆಲ ನೋಡುತ್ತಿತ್ತು. ನಡುನಡುವೆ ಮೆಲ್ಲಗೆ ಮೇಲೆದ್ದು, ನನ್ನನ್ನು ತಾಕಿ, ಸಿಕ್ಕಿಬಿದ್ದಂತೆ ಮತ್ತೆ ಕೆಳಗಿಳಿಯುತ್ತಿತ್ತು. ನನಗೆ ಅವರು ಅಲ್ಲೇ ಹಿಡಿಸಿದರು.

ತಿಪಟೂರಿನಲ್ಲಿ ಆಗ ಓಡುತ್ತಿದ್ದ ಚಿತ್ರದ ಮಾತು ಬಂತು.

"ಗಂಡ ಅನುಮಾನ ಪಟ್ಟಾಗ ಮನೆ ಬಿಟ್ಟು ಹೋದ್ಲಲ್ಲ, ಅದು ಸರಿ. ತಿರುಗಿ ಕೂಡ ನೋಡ್ಲಿಲ್ಲ," ಎಂದೆ.

ಅವರು ಜೋರಾಗಿ ನಕ್ಕುಬಿಟ್ಟರು. "ಕೊನೇಲಿ ಬಂದು ಅವನ ಕಾಲಿಗೆ ಬೀಳ್ತಾಳೆ ಕಣ್ರೀ. ನೀವು ನೋಡೇ ಇಲ್ಲ ಬುಡಿ."

ಕೊನೆಯನ್ನು ನೋಡಿರಲಿಲ್ಲ, ನಿಜ. ತಿಪಟೂರಿನಿಂದ ನಮ್ಮೂರಿಗೆ ಕೊನೆಯ ಬಸ್ಸು ಐದಕ್ಕೆ. ಮ್ಯಾಟ್ನಿ ಬಿಡುವಾಗ ಐದೂವರೆ. ಬಸ್ಸಿಗೆ ಹೊತ್ತಾಯಿತೆಂದು ದೊಡ್ಡಮ್ಮ ಎಬ್ಬಿಸಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಉಳಿದದ್ದನ್ನು ಬಸ್ಸಿನಲ್ಲಿ ಕೂತು ನಾನೇ ಕಟ್ಟಿಕೊಳ್ಳುತ್ತಿದ್ದೆ. ಕಂಡದ್ದು ಯಾವುದು, ಕಟ್ಟಿದ್ದು ಯಾವುದು, ಬರಬರುತ್ತಾ ನನಗೇ ಮರೆತುಹೋಗಿತ್ತು. ಸುಳ್ಳುಗಾತಿ ಎನಿಸಿಕೊಂಡ ಅವಮಾನಕ್ಕೆ ಸರಕ್ಕನೆ ಎದ್ದು ಒಳಗೆ ಹೋದೆ. ಸಂಜೆ ಅಪ್ಪ ಕೇಳಿದಾಗ, ಈ ಸಂಬಂಧ ಬೇಡ ಎಂದೆ.

ಹಾಗೆಂದ ಮೇಲೆ ಮನಸ್ಸು ನಿಲ್ಲಲಿಲ್ಲ. ದೇವರ ದೀಪ ಹಚ್ಚುವಾಗಲೂ ಆ ನಗುವೇ ಕಣ್ಣ ಮುಂದೆ. ಮನಸ್ಸಿಗೆ ಒಪ್ಪಿದವರನ್ನು ನಾನೇ ಕಳೆದುಕೊಂಡೆನಲ್ಲ ಶಿವನೇ ಎಂದು ಅತ್ತೆ.

ಮುಂದಿನ ವಾರ ಆ ಕೊನೆಯ ಬಸ್ಸಿನಿಂದ ಅವರು ಒಬ್ಬರೇ ಇಳಿದು ಮನೆಗೆ ಬಂದರು. ದೊಡ್ಡಮ್ಮ ಕಾಲಿಗೆ ನೀರು ಕೊಟ್ಟು, "ಇನ್ನು ಬಸ್ಸಿಲ್ಲ ಕಣಪ್ಪ, ವಾಪಸ್ ಹೆಂಗೋಯ್ತೀಯ?" ಎಂದರು.

"ಅದನ್ನ ಯೋಚ್ನೆ ಮಾಡ್ಲಿಲ್ಲ ಕಣಮ್ಮ," ಎಂದು ಜಗಲಿಯಲ್ಲಿ ಕೂತು, ಬಾಗಿಲ ಮರೆಯಲ್ಲಿದ್ದ ನನ್ನತ್ತ ತಿರುಗಿದರು. "ಅದೇ ಸಿನಿಮಾಕ್ಕೆ ಇವತ್ತು ಮತ್ತೆ ಹೋಗಿದ್ದೆ. ನಿಮ್ಮೂರಿಗೆ ಕೊನೇ ಬಸ್ಸು ಐದಕ್ಕೇ ಅಂತ ಕೇಳಿ, ನಿಮ್ಮಂಗೇ ಬಸ್ಸಿನ ಹೊತ್ತಿಗೆ ಎದ್ದು ಬಂದೆ. ದಾರೀಲಿ ಕೂತು ಯೋಚಿಸ್ದಾಗ ಗೊತ್ತಾಯ್ತು, ಅವಳು ಯಾರ ಕಾಲಿಗೂ ಬೀಳ್ಬಾರ್ದು. ನಕ್ಕಿದ್ದು ನನ್ನ ತಪ್ಪು."

"ಹಂಗಾದ್ರೆ ಅವನು ಏನ್ ಮಾಡ್ಬೇಕು?" ಎಂದೆ.

"ಅವಳಿರೋ ಊರಿಗೆ ಬರ್ಬೇಕು."

ದೊಡ್ಡಮ್ಮ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆ ಬಸ್ಸು ಐದಕ್ಕೇ ಹೊರಡುತ್ತಿದ್ದುದಕ್ಕೆ ಇವತ್ತಿಗೂ ಶಿವನಿಗೆ ಕೈ ಮುಗಿಯುತ್ತೇನೆ.

ಮನೆಗೆ ಬಂದವರಿಗೆ ಹೊರಡುವಾಗ ಎಲೆ ಅಡಿಕೆ ಕೊಡುವುದು ನಮ್ಮ ಪದ್ಧತಿ; ಸಂಬಂಧ ಒಪ್ಪಿದರೂ ಅದನ್ನೇ ಕೊಡುತ್ತೇವೆ. ನೋಡಲು ಬಂದ ದಿನ ಸಿಟ್ಟಿನಲ್ಲಿ ನಾನು ಕೊಟ್ಟಿರಲಿಲ್ಲ. ಈಗ ಒಳಗೆ ಹೋಗಿ ಎಲೆ ಅಡಿಕೆಯ ತಟ್ಟೆ ತಂದು ಅವರ ಕೈಗಿಟ್ಟೆ.